ಆಸ್ಪತ್ರೆಯ ನೀರು: ಕೊನೆಯ ಎರಡು ಮಾರು

ಬ್ರೆಜಿಲ್‌ನ ಈಶಾನ್ಯದಲ್ಲಿ, ಪೆರ್ನಾಂಬುಕೊ ರಾಜ್ಯದಲ್ಲಿ, ಕರುವಾರು ಎಂಬ ಊರಿದೆ. 1996ರ ಫೆಬ್ರುವರಿ ಮಧ್ಯಭಾಗದಲ್ಲಿ ಅಲ್ಲಿನ ಡಯಾಲಿಸಿಸ್ ಕೇಂದ್ರಕ್ಕೆ ಎಂದಿನಂತೆ ಬಂದವರು ಎಂದಿನಂತೆ ಮನೆಗೆ ಮರಳಲಿಲ್ಲ. ಕೆಲವರಿಗೆ ಕಣ್ಣು ಮಂಜಾಯಿತು, ಕೆಲವರಿಗೆ ಹೊಟ್ಟೆ ತೊಳಸಿ ವಾಂತಿಯಾಯಿತು. ಅಲ್ಲಿ ಚಿಕಿತ್ಸೆ ಪಡೆಯುತ್ತಿದ್ದ 131 ಮಂದಿಯಲ್ಲಿ 116 ಮಂದಿಗೆ ಹೀಗಾಯಿತು. ನೂರು ಮಂದಿಯ ಯಕೃತ್ತು ಕೈಕೊಟ್ಟಿತು. ಆ ವರ್ಷ ಮುಗಿಯುವಷ್ಟರಲ್ಲಿ, ಡಯಾಲಿಸಿಸ್‌ಗೆ ಬಳಸಿದ ನೀರಿನಿಂದಲೇ ಆದವು ಎಂದು ತನಿಖೆಗಾರರು ತೀರ್ಮಾನಿಸಿದ ಸಾವುಗಳು 52.

ಕಾರಣ ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಪಾಚಿಯ ವಿಷ. ಕೇಂದ್ರಕ್ಕೆ ನೀರು ಟ್ಯಾಂಕರ್‌ನಲ್ಲಿ ಬರುತ್ತಿತ್ತು. ಜಲಾಶಯದಿಂದ ತಂದ ಆ ನೀರಿಗೆ ಪೂರ್ತಿ ಶುದ್ಧೀಕರಣ ಆಗಿರಲಿಲ್ಲ. ಜಲಾಶಯದಲ್ಲಿ ನೀಲಿಹಸಿರು ಪಾಚಿ ಹಬ್ಬಿತ್ತು. ಅದು ಬಿಡುವ ಮೈಕ್ರೊಸಿಸ್ಟಿನ್ ಎಂಬ ವಿಷ ಕುದಿಸಿದರೂ ನಾಶವಾಗುವಂಥದ್ದಲ್ಲ. ಕೇಂದ್ರದ ಶೋಧಕಗಳಿಗೂ ಅದನ್ನು ತಡೆಯಲು ಆಗಲಿಲ್ಲ. ಶೋಧಕದ ಇದ್ದಿಲಿನಲ್ಲಿ ಸಿಕ್ಕ ವಿಷವೇ ತೀರಿಕೊಂಡವರ ಯಕೃತ್ತಿನಲ್ಲೂ ಸಿಕ್ಕಿತು. ಈ ದುರಂತದ ನಂತರ, 2000ದಲ್ಲಿ, ಕುಡಿಯುವ ನೀರಿನಲ್ಲಿ ಈ ಪಾಚಿಯ ಮೇಲೆ ನಿಗಾ ಇಡುವುದನ್ನು ಬ್ರೆಜಿಲ್ ಕಡ್ಡಾಯ ಮಾಡಿತು.

ನೀರಿನಿಂದ ಬರುವ ಕಾಯಿಲೆ ಎಂದ ಕೂಡಲೇ ನಮಗೆ ನೆನಪಾಗುವುದು ಕಾಲರಾ, ಟೈಫಾಯ್ಡ್, ಕಾಮಾಲೆ, ವಾಂತಿಭೇದಿ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು, ನೀರು ಕಾಯಿಸಿ ಆರಿಸಿ ಕುಡಿಯುವುದು ಆ ಕಾಯಿಲೆಗಳಿಂದ ನಾವು ಕಲಿತ ಪಾಠ. ಅವು ಬಾಯಿಂದ ಹೊಟ್ಟೆಗೆ ಇಳಿಯುವ ರೋಗಗಳು. ಆಸ್ಪತ್ರೆಯಲ್ಲಿ ನೀರು ರೋಗಿಯ ಮೈ ಸೇರುವ ದಾರಿಗಳೇ ಬೇರೆ. ಕುತ್ತಿಗೆಯ ರಕ್ತನಾಳಕ್ಕೆ ಹಾಕಿದ ಕೊಳವೆ, ಗಂಟಲಿಗೆ ಇಳಿಸಿದ ವೆಂಟಿಲೇಟರ್ ಪೈಪು, ಸುಟ್ಟು ಚರ್ಮ ಹೋದ ಬೆನ್ನು, ಮೂಗಿನ ಮುಂದೆ ಹಬೆಯಾಡುವ ನೆಬ್ಯುಲೈಸರ್ ಇವೆಲ್ಲ ಆ ದಾರಿಗಳೇ. ಏಳು ತಿಂಗಳಿಗೇ ಹುಟ್ಟಿದ ಕೂಸಿನ ಚರ್ಮ ತೆಳು ಕಾಗದದಷ್ಟು ನಾಜೂಕು. ಕೀಮೊಥೆರಪಿ ಪಡೆದವರ ರಕ್ತದಲ್ಲಿ ಕೆಲವು ದಿನ ಬಿಳಿ ರಕ್ತಕಣಗಳು ಇಲ್ಲವೆನ್ನುವಷ್ಟು ಕಡಿಮೆಯಾಗಿರುತ್ತವೆ. ಮೂತ್ರಪಿಂಡವನ್ನೋ ಯಕೃತ್ತನ್ನೋ ಕಸಿ ಮಾಡಿಸಿಕೊಂಡವರ ರೋಗನಿರೋಧಕ ಶಕ್ತಿಯನ್ನು ವೈದ್ಯರೇ ಔಷಧ ಕೊಟ್ಟು ತಗ್ಗಿಸಿರುತ್ತಾರೆ. ನಮ್ಮ ನಿಮ್ಮ ಕೈಮೇಲೆ ಹರಿದು ಹೋಗುವ ನೀರು ಇವರ ವಿಷಯದಲ್ಲಿ ಹಾಗೆ ಹರಿದು ಹೋಗುವುದಿಲ್ಲ.

ಕುಡಿಯಲು ಯೋಗ್ಯ ಎಂದು ಪ್ರಯೋಗಾಲಯ ಬರೆದುಕೊಟ್ಟ ನೀರು ಎಲ್ಲ ರೋಗಿಗಳಿಗೂ ಯೋಗ್ಯವೆಂದು ಅರ್ಥವಲ್ಲ. ಅಪಾಯ ಹುಟ್ಟುವುದು ಬಹಳ ಸಲ ಕೊನೆಯ ಎರಡು ಮಾರಿನಲ್ಲಿ. ಗೋಡೆಯೊಳಗಿನ ಪೈಪು, ನಲ್ಲಿಯ ಮೂತಿ, ಸಿಂಕಿನ ತೂತು, ಆಕ್ಸಿಜನ್ ಬಾಟಲಿ ಇರುವುದು ಅಲ್ಲಿ. ಅಲ್ಲಿ ತಡೆಯುವ ಕೆಲಸಕ್ಕೆ ದೊಡ್ಡ ಯಂತ್ರ ಬೇಡ. ಆದರೆ ಆ ಕೆಲಸವನ್ನು ದಿನವೂ ಮಾಡಬೇಕು.

ಒಂದೇ ನೀರಿಗೆ ಎರಡು ನಿಯಮ

ಡಯಾಲಿಸಿಸ್‌ನ ಲೆಕ್ಕ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಯಂತ್ರದೊಳಗೆ ಒಂದು ತೆಳುಪೊರೆಯ ಆಚೆ ರೋಗಿಯ ರಕ್ತ, ಈಚೆ ನೀರು ಬೆರೆಸಿದ ದ್ರಾವಣ ಹರಿಯುತ್ತವೆ. ದ್ರಾವಣ ಹರಿಯುವುದು ಸಾಮಾನ್ಯವಾಗಿ ನಿಮಿಷಕ್ಕೆ 500 ಮಿಲಿಲೀಟರ್. ನಾಲ್ಕು ಗಂಟೆಗೆ 120 ಲೀಟರ್ ಆಯಿತು. ವಾರಕ್ಕೆ ಮೂರು ಸಲವಾದರೆ 360 ಲೀಟರ್. ಆರೋಗ್ಯವಂತರು ಒಂದು ವಾರದಲ್ಲಿ ಕುಡಿಯುವ ನೀರು ಹದಿನೈದು ಇಪ್ಪತ್ತು ಲೀಟರ್ ಇರಬಹುದು; ಅದಕ್ಕೆ ಕರುಳಿನ ಗೋಡೆಯ ಕಾವಲಿದೆ, ಒಳಬಂದ ಕಲ್ಮಶವನ್ನು ಹೊರಹಾಕಲು ಮೂತ್ರಪಿಂಡವಿದೆ. ಡಯಾಲಿಸಿಸ್ ರೋಗಿಗೆ ಎರಡೂ ಇಲ್ಲ. ನೀರಿನಲ್ಲಿರುವ ಸಣ್ಣ ಅಣುಗಳೆಲ್ಲ ಆ ಪೊರೆಯನ್ನು ದಾಟಿ ನೇರ ರಕ್ತಕ್ಕೆ ಸೇರುತ್ತವೆ.

ಕ್ಲೋರಿನ್ ವಿಷಯವನ್ನೇ ತೆಗೆದುಕೊಳ್ಳಿ. ಭಾರತದ ಕುಡಿಯುವ ನೀರಿನ ಮಾನದಂಡದ ಪ್ರಕಾರ ನಲ್ಲಿ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ದಾರಿಯಲ್ಲಿ ಕ್ರಿಮಿ ಸೇರಿದರೆ ಅದು ಕೊಲ್ಲಬೇಕು. ಡಯಾಲಿಸಿಸ್ ನೀರಿನ ಅಂತರರಾಷ್ಟ್ರೀಯ ಮಾನದಂಡ ಹೇಳುವುದು ತದ್ವಿರುದ್ಧ: ಒಟ್ಟು ಕ್ಲೋರಿನ್ 0.1 ಮಿಲಿಗ್ರಾಂ ಮೀರಕೂಡದು. ಕ್ಲೋರಿನ್ ಮತ್ತು ಅದರಿಂದಾಗುವ ಕ್ಲೋರಮೈನ್ ರಕ್ತಕ್ಕೆ ಸೇರಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಊರ ಜನರನ್ನು ಕಾಯುವ ಕ್ಲೋರಿನ್ನೇ ಡಯಾಲಿಸಿಸ್ ಕುರ್ಚಿಯಲ್ಲಿ ಕುಳಿತವರಿಗೆ ವಿಷ.

ಹಾಗಾಗಿ ಡಯಾಲಿಸಿಸ್ ಕೋಣೆಯ ಹಿಂದೆ ಇನ್ನೊಂದು ಕೋಣೆ ಇರುತ್ತದೆ. ರೋಗಿಗಳು ಅದನ್ನು ನೋಡಿರುವುದಿಲ್ಲ. ಅಲ್ಲಿ ಮರಳಿನ ಶೋಧಕ, ನೀರನ್ನು ಮೆದುವಾಗಿಸುವ ಸಾಫ್ಟ್‌ನರ್, ಇದ್ದಿಲಿನ ತೊಟ್ಟಿಗಳು, ಕೊನೆಗೆ ಆರ್‌ಓ ಇರುತ್ತವೆ. ಕ್ಲೋರಿನ್ ತೆಗೆಯುವುದು ಇದ್ದಿಲು. ಅದರ ಶಕ್ತಿ ಒಂದಲ್ಲ ಒಂದು ದಿನ ಮುಗಿಯುವುದರಿಂದ ಎರಡು ತೊಟ್ಟಿಗಳನ್ನು ಒಂದರ ಹಿಂದೊಂದು ಇಡುವುದು ರೂಢಿ. ಮೊದಲನೆಯದು ಸೋತರೆ ಎರಡನೆಯದು ಹಿಡಿದುಕೊಳ್ಳುತ್ತದೆ, ಅಷ್ಟರಲ್ಲಿ ಸಿಬ್ಬಂದಿಗೆ ಗೊತ್ತಾಗಬೇಕು. ಗೊತ್ತಾಗಬೇಕಾದರೆ ಪ್ರತಿ ಪಾಳಿಗೆ ಮೊದಲು ನೀರನ್ನು ಪರೀಕ್ಷಿಸಿ ಪುಸ್ತಕದಲ್ಲಿ ಬರೆಯಬೇಕು. ಕೆಲವೇ ನಿಮಿಷದ ಕೆಲಸ. ಯಾರೂ ನೋಡದಿದ್ದರೆ ತಪ್ಪಿಹೋಗುವ ಕೆಲಸವೂ ಹೌದು.

ಇದ್ದಿಲನ್ನು ದಾಟಿದ ನೀರಿಗೆ ಇನ್ನೊಂದು ಸಮಸ್ಯೆ ಇದೆ. ಕ್ಲೋರಿನ್ ಹೋಯಿತು ಎಂದರೆ ಕಾವಲು ಹೋಯಿತು. ಆರ್‌ಓ ಆದಮೇಲೆ ಟ್ಯಾಂಕಿನಲ್ಲಿ ನಿಂತ ನೀರಿನಲ್ಲಿ, ಯಂತ್ರಗಳಿಗೆ ಹೋಗುವ ಪೈಪಿನಲ್ಲಿ ಬ್ಯಾಕ್ಟೀರಿಯಾ ನೆಮ್ಮದಿಯಾಗಿ ಬೆಳೆಯುತ್ತವೆ. ಅವು ಸತ್ತಾಗಲೂ ಅವುಗಳ ಕವಚದ ಚೂರುಗಳು ನೀರಿನಲ್ಲಿ ಉಳಿಯುತ್ತವೆ. ಎಂಡೊಟಾಕ್ಸಿನ್ ಎನ್ನುವ ಈ ಚೂರುಗಳು ಕುದಿಸಿದರೂ ಹೋಗುವುದಿಲ್ಲ. ಡಯಾಲಿಸಿಸ್ ಶುರುವಾದ ಗಂಟೆಯೊಳಗೆ ಹಲ್ಲು ಕಟಕಟಿಸುವಷ್ಟು ಚಳಿ ಬಂದು ಮೈ ನಡುಗಿ ಜ್ವರ ಏರುವ ಅನುಭವ ಎಷ್ಟೋ ರೋಗಿಗಳಿಗಿದೆ. ಅದು ಕೊಳವೆಯ ಸೋಂಕಿನಿಂದಲೂ ಬರಬಹುದು, ನೀರಿನಿಂದಲೂ ಬರಬಹುದು. ಒಂದೇ ಪಾಳಿಯಲ್ಲಿ ಇಬ್ಬರು ಮೂವರಿಗೆ ನಡುಕ ಬಂದರೆ ಮೊದಲು ಸಂಶಯ ಪಡಬೇಕಾದ್ದು ನೀರಿನ ಮೇಲೆ. ಆದ್ದರಿಂದಲೇ ಶುದ್ಧ ನೀರಿನ ಪೈಪು ಎಲ್ಲೂ ಕುರುಡು ಮೂಲೆ ಇಲ್ಲದೆ ಸುತ್ತು ಹಾಕಿ ಟ್ಯಾಂಕಿಗೇ ಮರಳಬೇಕು, ನೀರು ನಿಲ್ಲದೆ ತಿರುಗುತ್ತಿರಬೇಕು, ನಿಗದಿತ ದಿನ ಆ ಪೈಪನ್ನೆಲ್ಲ ಬಿಸಿನೀರಿನಿಂದಲೋ ರಾಸಾಯನಿಕದಿಂದಲೋ ತೊಳೆಯಬೇಕು.

1993ರಲ್ಲಿ ಶಿಕಾಗೊದ ಒಂದು ಡಯಾಲಿಸಿಸ್ ಘಟಕದಲ್ಲಿ ಶುದ್ಧೀಕರಣದ ಒಂದು ಹಂತ ಪೂರ್ತಿ ದಣಿದುಹೋಗಿ, ಅದುವರೆಗೆ ತಾನು ಹಿಡಿದಿಟ್ಟುಕೊಂಡಿದ್ದ ಫ್ಲೋರೈಡನ್ನೆಲ್ಲ ಒಮ್ಮೆಲೇ ನೀರಿಗೆ ಬಿಟ್ಟಿತು. 15 ಮಂದಿಯಲ್ಲಿ 12 ಮಂದಿ ಅಸ್ವಸ್ಥರಾದರು, ಮೂವರು ತೀರಿಕೊಂಡರು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರಿಗೆ ಫ್ಲೋರೈಡ್ ಹೊಸ ಮಾತಲ್ಲ. ಹಳದಿಗಟ್ಟಿದ ಹಲ್ಲು, ಬಗ್ಗದ ಮೊಣಕಾಲನ್ನು ತಲೆಮಾರುಗಳಿಂದ ಕಂಡವರು. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು, ಬೇರೆ ಮೂಲವೇ ಇಲ್ಲದಲ್ಲಿ ಒಂದೂವರೆ. ಡಯಾಲಿಸಿಸ್ ನೀರಿಗೆ ಇರುವ ಮಿತಿ 0.2. ಕೊಳವೆಬಾವಿಯನ್ನೇ ನಂಬಿದ ತಾಲ್ಲೂಕು ಆಸ್ಪತ್ರೆಯಲ್ಲಿ ಆರ್‌ಓ ಪೊರೆ ಬದಲಿಸುವುದನ್ನು ಮುಂದಿನ ಬಜೆಟ್‌ವರೆಗೆ ಮುಂದೂಡುವಂತಿಲ್ಲ. 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುವಾಯಿತು. ಈಗ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ಬಡವರಿಗೆ ಉಚಿತ ಡಯಾಲಿಸಿಸ್ ಸಿಗುತ್ತಿದೆ. ಬಹಳ ದೊಡ್ಡ ಉಪಕಾರ ಇದು. ಯಂತ್ರದ ಉದ್ಘಾಟನೆಗೆ ತೋರಿದ ಉತ್ಸಾಹವನ್ನು ಯಂತ್ರದ ಹಿಂದಿನ ನೀರಿನ ಕೋಣೆಗೂ ತೋರಿದರೆ ಆ ಉಪಕಾರ ಉಳಿಯುತ್ತದೆ.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಸಾವಿರಗಟ್ಟಲೆ ಬತ್ತಿ, ಊರಿಗೆ ಊರೇ ಟ್ಯಾಂಕರ್ ಕಾಯುತ್ತಿತ್ತು. ಸರ್ಕಾರ ಟ್ಯಾಂಕರ್ ದರವನ್ನು ನಿಗದಿ ಮಾಡಿತು. ದರ ನಿಗದಿ ಆಗಬೇಕಾದ್ದೇ, ಆದರೆ ಡಯಾಲಿಸಿಸ್ ಘಟಕಕ್ಕೆ ಬರುವ ಟ್ಯಾಂಕರಿನ ವಿಷಯದಲ್ಲಿ ಮುಖ್ಯ ಪ್ರಶ್ನೆ ದರದ್ದಲ್ಲ. ನಿನ್ನೆ ಒಂದು ಬೋರ್‌ವೆಲ್‌ನ ನೀರು, ಇಂದು ಇನ್ನೊಂದರದ್ದು, ನಾಳೆ ಯಾವುದೋ ಕೆರೆ ಬದಿಯದ್ದು ಬಂದರೆ ಗಡಸುತನ, ನೈಟ್ರೇಟ್, ಕ್ಲೋರಿನ್ ಎಲ್ಲವೂ ದಿನದಿನಕ್ಕೆ ಬದಲಾಗುತ್ತವೆ. ಒಂದು ಮೂಲದ ನೀರಿಗೆ ಹೊಂದಿಸಿಟ್ಟ ಶುದ್ಧೀಕರಣ ಇನ್ನೊಂದಕ್ಕೆ ಸಾಲದೆ ಹೋಗಬಹುದು. ಟ್ಯಾಂಕರ್ ನೀರು ಸಂಪಿಗೆ ಇಳಿಯುವ ಮೊದಲು ಅದು ಎಲ್ಲಿಯದು ಎಂದು ಕೇಳಿ ಬರೆದಿಡುವುದು, ಮೂಲ ಬದಲಾದ ದಿನ ಪರೀಕ್ಷೆಯನ್ನು ಹೆಚ್ಚಿಸುವುದು ಕರುವಾರುವಿನಿಂದ ನಾವು ಕಲಿಯಬೇಕಾದ ಮೊದಲ ಅಭ್ಯಾಸ.

ನಲ್ಲಿಯ ಮೂತಿ, ಸಿಂಕಿನ ತೂತು

2011ರ ಡಿಸೆಂಬರ್‌ನಲ್ಲಿ ಉತ್ತರ ಐರ್ಲೆಂಡಿನ ಡೆರ್ರಿ ನಗರದ ಆಲ್ಟ್‌ನಾಗೆಲ್ವಿನ್ ಆಸ್ಪತ್ರೆಯಲ್ಲಿ ಒಂದು ಕೂಸು ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿನಿಂದ ತೀರಿಕೊಂಡಿತು. ಮರುತಿಂಗಳು ಬೆಲ್‌ಫಾಸ್ಟ್‌ನ ರಾಯಲ್ ಜುಬಿಲಿ ಹೆರಿಗೆ ಆಸ್ಪತ್ರೆಯಲ್ಲಿ ಇನ್ನೂ ಮೂರು. ಎಲ್ಲವೂ ನವಜಾತ ಶಿಶು ಘಟಕದ ಕೂಸುಗಳು. ಕ್ರಿಮಿ ಸಿಕ್ಕಿದ್ದು ಅಲ್ಲಿನ ನಲ್ಲಿಗಳಲ್ಲಿ. ಕೈತೊಳೆಯಲೆಂದು ಹಾಕಿಸಿದ್ದ ಆ ನಲ್ಲಿಗಳ ಮೂತಿಯಲ್ಲಿ ನೀರು ನೇರವಾಗಿ ಬೀಳಲೆಂದು ಒಂದು ಸಣ್ಣ ಜಾಲರಿ ಇತ್ತು. ಕ್ರಿಮಿ ಮನೆ ಮಾಡಿದ್ದು ಆ ಜಾಲರಿಯಲ್ಲಿ. ಆ ಘಟನೆಯ ನಂತರ ಅಂಥ ಕೂಸುಗಳ ಮೈ ಒರೆಸಲು ನಲ್ಲಿ ನೀರು ಬೇಡ, ಕ್ರಿಮಿರಹಿತ ನೀರನ್ನೇ ಬಳಸಿ ಎಂದು ಅಲ್ಲಿ ಸೂಚನೆ ಹೊರಟಿತು. ಫ್ರಿಜ್‌ನಲ್ಲಿಟ್ಟ ತಾಯಿಹಾಲಿನ ಬಾಟಲಿಯನ್ನು ನಲ್ಲಿ ನೀರಿನ ಬಟ್ಟಲಲ್ಲಿ ಇಟ್ಟು ಬಿಸಿ ಮಾಡುವ ರೂಢಿಯೂ ಅಪಾಯದ ಪಟ್ಟಿಗೆ ಸೇರಿತು. ನಮ್ಮ ಘಟಕಗಳಲ್ಲೂ ಆ ರೂಢಿ ಇದೆ. ಬಾಟಲಿಯ ಮುಚ್ಚಳಕ್ಕೆ ನೀರು ತಾಗದಂತೆ ನೋಡಿಕೊಂಡರೂ ದೊಡ್ಡ ವ್ಯತ್ಯಾಸವಾಗುತ್ತದೆ.

ನೀರು ಹರಿಯುವ ಯಾವ ಪೈಪಿನ ಒಳಗೋಡೆಗೂ ತೆಳುವಾದ ಲೋಳೆ ಕಟ್ಟಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ತಾವೇ ಸ್ರವಿಸಿಕೊಂಡ ಅಂಟಿನೊಳಗೆ ಗುಂಪಾಗಿ ಬದುಕುವ ಈ ಪದರವನ್ನು ವಿಜ್ಞಾನಿಗಳು ಬಯೋಫಿಲ್ಮ್ ಎನ್ನುತ್ತಾರೆ. ಮೇಲೆ ಹರಿಯುವ ಕ್ಲೋರಿನ್ ಈ ಲೋಳೆಯ ತಳಕ್ಕೆ ಇಳಿಯಲಾರದು. ನೀರು ಬಿಸಿಯೂ ಅಲ್ಲದೆ ತಣ್ಣಗೂ ಅಲ್ಲದೆ ಉಗುರುಬೆಚ್ಚಗೆ ನಿಂತರೆ ಲೋಳೆ ಹುಲುಸಾಗುತ್ತದೆ. ನವೀಕರಣದ ಹೆಸರಿನಲ್ಲಿ ಸಿಂಕು ಕಿತ್ತು, ಗೋಡೆಯೊಳಗಿನ ಪೈಪನ್ನು ಹಾಗೆಯೇ ಮುಚ್ಚಿಬಿಟ್ಟರೆ ಅಲ್ಲಿ ನಿಂತ ನೀರು ವರ್ಷಗಟ್ಟಲೆ ಕೊಳೆಯುತ್ತ ಇಡೀ ಅಂತಸ್ತಿನ ನೀರಿಗೆ ಕ್ರಿಮಿ ಬಿಡುತ್ತಿರುತ್ತದೆ. ಪೈಪು ಕೆಲಸ ಮಾಡುವವರಿಗೆ ಇಂಥ ಜಾಗಗಳು ಚೆನ್ನಾಗಿ ಗೊತ್ತು. ಅವರನ್ನು ಕೇಳುವವರು ಕಡಿಮೆ.

ಪರೀಕ್ಷೆ ಮಾಡಿಸಿದ್ದೇವಲ್ಲ, ನೀರು ಚೆನ್ನಾಗಿದೆ ಎಂದು ವರದಿ ಬಂದಿದೆಯಲ್ಲ ಎಂಬ ಮಾತು ಆಸ್ಪತ್ರೆಗಳಲ್ಲಿ ಸಾಮಾನ್ಯ. ಆ ವರದಿ ಸುಳ್ಳಲ್ಲ. ಕುಡಿಯುವ ನೀರಿನ ಸೂಕ್ಷ್ಮಾಣು ಪರೀಕ್ಷೆಯಲ್ಲಿ ಹುಡುಕುವುದು ಕೋಲಿಫಾರ್ಮ್ ಮತ್ತು ಇ. ಕೋಲಿ, ಅಂದರೆ ಮಲದ ಸೋಂಕಿನ ಗುರುತುಗಳನ್ನು. ಗ್ರಾಮ ಪಂಚಾಯಿತಿಗಳಲ್ಲಿ ಬಾಟಲಿ ಕಪ್ಪಾಗುವುದನ್ನು ನೋಡುವ ಪರೀಕ್ಷೆಯ ಉದ್ದೇಶವೂ ಅದೇ. ಸೂಡೊಮೊನಾಸ್, ಸ್ಟೆನೊಟ್ರೊಫೊಮೊನಾಸ್, ಬರ್ಖೊಲ್ಡೇರಿಯಾ ಮುಂತಾದ ಹೆಸರಿನವು ಮಲದಿಂದ ಬರಬೇಕೆಂದಿಲ್ಲ. ಒದ್ದೆ ಇದ್ದಲ್ಲೆಲ್ಲ ಬದುಕುತ್ತವೆ, ಅತ್ಯಲ್ಪ ಆಹಾರದಲ್ಲಿ ಬೆಳೆಯುತ್ತವೆ, ಹಲವು ಆಂಟಿಬಯಾಟಿಕ್‌ಗಳಿಗೆ ಜಗ್ಗುವುದಿಲ್ಲ. ಅಂಗಡಿಯಲ್ಲಿ ಮಾರುವ ಬಾಟಲಿ ನೀರಿನ ಭಾರತೀಯ ಮಾನದಂಡದಲ್ಲಿ 250 ಮಿಲಿಲೀಟರ್‌ನಲ್ಲಿ ಸೂಡೊಮೊನಾಸ್ ಒಂದೂ ಇರಕೂಡದು ಎಂದಿದೆ. ನಲ್ಲಿ ನೀರಿನ ಮಾನದಂಡದಲ್ಲಿ ಹಾಗಿಲ್ಲ. ಮನೆಗೆ ಅದು ಬೇಕಾಗಿಯೂ ಇಲ್ಲ. ಐಸಿಯುಗೆ, ಎಳೆಗೂಸುಗಳ ಘಟಕಕ್ಕೆ, ಕ್ಯಾನ್ಸರ್ ವಾರ್ಡಿಗೆ ಬೇಕು, ಮತ್ತು ಹಾಗೆ ಬೇಕೆಂದು ಆಸ್ಪತ್ರೆಯೇ ಕೇಳಿ ಮಾಡಿಸಬೇಕು.

ಇಲ್ಲಿಯವರೆಗೆ ಹೇಳಿದ್ದು ನೀರು ಬರುವ ಕಡೆಯ ಮಾತು. ಹೋಗುವ ಕಡೆಯದು ಇನ್ನೂ ಗಂಭೀರ. ಕೆನಡಾದ ಟೊರಾಂಟೊ ನಗರದ ಆಸ್ಪತ್ರೆಯೊಂದರಲ್ಲಿ 2004ರ ಕೊನೆಯಿಂದ 2006ರ ಮೊದಲ ತಿಂಗಳುಗಳವರೆಗೆ ಔಷಧಕ್ಕೆ ಬಗ್ಗದ ಸೂಡೊಮೊನಾಸ್ 36 ರೋಗಿಗಳನ್ನು ಕಾಡಿತು. ಹಲವರು ಅಂಗಾಂಗ ಕಸಿ ಮಾಡಿಸಿಕೊಂಡವರು. 17 ಮಂದಿ ಉಳಿಯಲಿಲ್ಲ. ಕೊನೆಗೆ ತನಿಖೆಗಾರರು ಅತಿನೇರಳೆ ಬೆಳಕಿನಲ್ಲಿ ಹೊಳೆಯುವ ಬಣ್ಣವನ್ನು ಸಿಂಕಿನ ತೂತಿಗೆ ಸುರಿದು ನಲ್ಲಿ ಬಿಟ್ಟರು. ಬಣ್ಣದ ಹನಿಗಳು ಒಂದು ಮೀಟರ್ ದೂರದವರೆಗೂ ಸಿಡಿದಿದ್ದವು. ಆ ದೂರದೊಳಗೇ ಸಿಬ್ಬಂದಿ ಗಾಯದ ಬಟ್ಟೆ, ಔಷಧಿ ಸಿದ್ಧ ಮಾಡುವ ಕಟ್ಟೆ ಇತ್ತು. ಸಿಂಕು ಆಳವಿರಲಿಲ್ಲ, ನಲ್ಲಿಯ ಧಾರೆ ನೇರ ತೂತಿಗೇ ಬೀಳುತ್ತಿತ್ತು. ಸಿಂಕುಗಳನ್ನು ಬದಲಿಸಿ, ಧಾರೆಯನ್ನು ಓರೆಯಾಗಿಸಿ, ಪಕ್ಕಕ್ಕೆ ತಡೆ ಕಟ್ಟಿದಮೇಲೆ ಸೋಂಕು ನಿಂತಿತು. ಕೈತೊಳೆದು ಸೋಂಕು ತಡೆಯಲೆಂದು ಇಟ್ಟ ಸಿಂಕಿನಿಂದಲೇ ಅದು ಹರಡಿತ್ತು.

ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು ಪ್ರಯೋಗಾಲಯದಲ್ಲೇ ಆಸ್ಪತ್ರೆ ಸಿಂಕುಗಳ ಸಾಲು ಕಟ್ಟಿ ಇದನ್ನು ಇನ್ನಷ್ಟು ಬಿಡಿಸಿ ನೋಡಿದರು. 2017ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ, ಸಿಂಕಿನ ಕೆಳಗಿನ ಬಾಗಿದ ಪೈಪಿನಲ್ಲಿ ಬಿಟ್ಟ ಬ್ಯಾಕ್ಟೀರಿಯಾ, ತಿನ್ನಲು ಪೋಷಕಾಂಶ ಸಿಕ್ಕರೆ, ಗೋಡೆ ಹಿಡಿದು ದಿನಕ್ಕೆ ಸುಮಾರು ಒಂದು ಇಂಚಿನಂತೆ ಮೇಲೇರುತ್ತದೆ. ವಾರದಲ್ಲಿ ಜಾಲರಿಗೆ ತಲುಪುತ್ತದೆ. ಅಲ್ಲಿಂದ ನಲ್ಲಿಯ ಧಾರೆ ಅದನ್ನು ಸುತ್ತಲೂ ಸಿಡಿಸುತ್ತದೆ. ಪೋಷಕಾಂಶ ಕೊಡುವವರು ನಾವೇ. ಉಳಿದ ಗ್ಲೂಕೋಸ್ ಡ್ರಿಪ್, ಮೂಗಿನ ನಳಿಕೆಗೆ ಹಾಕಿ ಮಿಕ್ಕ ಆಹಾರ, ಅರ್ಧ ಕುಡಿದ ಹಾಲು, ಎಳನೀರು, ಟಿಫಿನ್ ಡಬ್ಬಿ ತೊಳೆದ ಸಾರಿನ ನೀರು ಎಲ್ಲವೂ ವಾರ್ಡಿನ ಅದೇ ಒಂದು ಸಿಂಕಿಗೆ ಹೋಗುತ್ತವೆ. ರೋಗಿಯ ಜೊತೆಗಿದ್ದವರನ್ನು ಇದಕ್ಕೆ ಬೈದು ಪ್ರಯೋಜನವಿಲ್ಲ. ಮೂರು ದಿನದಿಂದ ವರಾಂಡದಲ್ಲಿ ಚಾಪೆ ಹಾಸಿ ಮಲಗುತ್ತಿರುವ ತಾಯಿಗೆ ಡಬ್ಬಿ ತೊಳೆಯಲು ಬೇರೆ ಜಾಗ ತೋರಿಸಿದ್ದೇವೆಯೇ? ಪಾತ್ರೆಗೊಂದು ತೊಟ್ಟಿ, ಸುರಿಯುವುದಕ್ಕೊಂದು ತೊಟ್ಟಿ, ಕೈಗೆ ಮಾತ್ರ ಒಂದು ಸಿಂಕು ಎಂದು ಕಟ್ಟಡದಲ್ಲೇ ವಿಂಗಡಿಸಿದರೆ ಗೋಡೆಯ ಮೇಲಿನ ಎಚ್ಚರಿಕೆಯ ಫಲಕಕ್ಕಿಂತ ಹೆಚ್ಚು ಕೆಲಸವಾಗುತ್ತದೆ.

ನೆದರ್ಲೆಂಡ್ಸ್‌ನ ನೈಮೇಗನ್ ನಗರದ ವಿಶ್ವವಿದ್ಯಾಲಯ ಆಸ್ಪತ್ರೆಯವರು ಇನ್ನೂ ಮುಂದೆ ಹೋಗಿ ಐಸಿಯು ಕೋಣೆಗಳಿಂದ ಸಿಂಕನ್ನೇ ತೆಗೆಸಿಹಾಕಿದರು. ರೋಗಿಯ ಮೈ ಒರೆಸಲು ಒದ್ದೆ ಮಾಡಿ ಬಂದ ಬಟ್ಟೆ, ಕುಡಿಯಲು ಬಾಟಲಿ ನೀರು, ಕೈಗೆ ಆಲ್ಕೋಹಾಲ್ ದ್ರಾವಣ. ಆಮೇಲೆ ಅಲ್ಲಿನ ರೋಗಿಗಳ ಮೈಯಲ್ಲಿ ಇಂಥ ಬ್ಯಾಕ್ಟೀರಿಯಾ ನೆಲೆಸುವುದು ಕಡಿಮೆಯಾಯಿತು. ಹೆಚ್ಚು ದಿನ ಇದ್ದವರಲ್ಲಿ ಆ ಇಳಿಕೆ ಇನ್ನೂ ಹೆಚ್ಚು. ಎಲ್ಲ ಆಸ್ಪತ್ರೆಗೂ ಇದು ಆಗುವ ಮಾತಲ್ಲ. ಆದರೆ ಹಾಸಿಗೆಯ ತಲೆದೆಸೆಗೆ ಸಿಂಕು ಬೇಡ ಎಂಬುದಂತೂ ಹೊಸದಾಗಿ ಕಟ್ಟುವ ಪ್ರತಿ ಐಸಿಯು ನಕ್ಷೆಯಲ್ಲಿ ಸೇರಬೇಕು. ಹಾಸಿಗೆಯ ಬಳಿ ಕೈ ಶುಚಿಗೆ ಆಲ್ಕೋಹಾಲ್ ದ್ರಾವಣ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಸೂತ್ರದಂತೆ ಆಸ್ಪತ್ರೆಯ ಫಾರ್ಮಸಿಯಲ್ಲೇ ಅದನ್ನು ಅಗ್ಗವಾಗಿ ತಯಾರಿಸಬಹುದು. ಕೈಗೆ ರಕ್ತವೋ ಮಲವೋ ಮೆತ್ತಿದಾಗ ಮಾತ್ರ ಸೋಪು ನೀರೇ ಬೇಕು.

ಉಸಿರಿನೊಂದಿಗೆ ಹೋಗುವ ನೀರು

ಕೋವಿಡ್ ಹಬ್ಬಿದ್ದ 2021ರ ಏಪ್ರಿಲ್, ಮೇ ತಿಂಗಳುಗಳನ್ನು ಯಾರೂ ಮರೆತಿಲ್ಲ. ಆಕ್ಸಿಜನ್ ಸಿಗುವುದೇ ದೊಡ್ಡದಾಗಿತ್ತು. ಗೋಡೆಯ ಆಕ್ಸಿಜನ್ ಕೊಳವೆಗೆ ಸಿಕ್ಕಿಸಿದ ಪುಟ್ಟ ಬಾಟಲಿಯಲ್ಲಿ ನೀರು ಗುಳುಗುಳು ಎನ್ನುತ್ತಿದ್ದುದು ಕಣ್ಣಿಗೆ ಕಂಡರೂ ಅದು ಎಂಥ ನೀರು ಎಂದು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಮುಂದೆ ಕಪ್ಪು ಶಿಲೀಂಧ್ರ ಕಾಣಿಸಿಕೊಂಡಾಗ, ಆ ಬಾಟಲಿಗೆ ಶುದ್ಧವಾದ, ಕ್ರಿಮಿರಹಿತ ನೀರನ್ನೇ ಹಾಕಬೇಕೆಂದು ಐಸಿಎಂಆರ್ ಸೂಚನೆ ಕೊಟ್ಟಿತು. ಆ ಶಿಲೀಂಧ್ರಕ್ಕೆ ಮುಖ್ಯ ಕಾರಣ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಮಿತಿಮೀರಿದ ಸ್ಟಿರಾಯ್ಡ್. ಎಲ್ಲವನ್ನೂ ಬಾಟಲಿ ನೀರಿನ ತಲೆಗೆ ಕಟ್ಟುವುದು ತಪ್ಪು. ಆದರೆ ಆ ಸೂಚನೆ ಅಂದಿಗೆ ಮಾತ್ರ ಸಲ್ಲುವಂಥದ್ದೂ ಅಲ್ಲ. ಆಕ್ಸಿಜನ್ ಬಾಟಲಿಗೆ ಹಾಕಿದ ನಲ್ಲಿ ನೀರಿನಲ್ಲಿ ಕ್ರಿಮಿ ಬೆಳೆಯುತ್ತದೆ. ಅದರ ಮೇಲೆ ಇನ್ನಷ್ಟು ನೀರು ಸುರಿದು ತುಂಬಿಸುತ್ತ ಹೋದರೆ ಹಳೆಯ ಕ್ರಿಮಿ ಹೊಸ ನೀರಿಗೆ ಬೀಜವಾಗುತ್ತದೆ. ಉಳಿದದ್ದನ್ನು ಚೆಲ್ಲಿ, ಬಾಟಲಿ ತೊಳೆದು ಸೋಂಕು ತೆಗೆದು, ಒಣಗಿಸಿ, ಕ್ರಿಮಿರಹಿತ ನೀರು ತುಂಬುವುದು ಸರಿಯಾದ ಕ್ರಮ.

ಮನೆಗೂ ಇದು ಅನ್ವಯಿಸುತ್ತದೆ. ಈಗ ಅಸ್ತಮಾ ಇರುವ ಎಷ್ಟೋ ಮನೆಗಳಲ್ಲಿ ನೆಬ್ಯುಲೈಸರ್ ಇದೆ. ಅದರ ಬಟ್ಟಲನ್ನು ನಲ್ಲಿಯ ಕೆಳಗೆ ತೊಳೆದು, ಒದ್ದೆಯಾಗಿಯೇ ಡಬ್ಬಿಯಲ್ಲಿಟ್ಟು ಮುಚ್ಚಬೇಡಿ. ತೊಳೆದ ಮೇಲೆ ಕುದಿಸಿ ಆರಿಸಿದ ನೀರಿನಲ್ಲಿ ಜಾಲಾಡಿಸಿ, ಪೂರ್ತಿ ಒಣಗಲು ಬಿಡಿ. ಒಣಗಿದ ಜಾಗದಲ್ಲಿ ಸೂಡೊಮೊನಾಸ್ ಬೆಳೆಯುವುದಿಲ್ಲ. ಕೂಸಿಗೆ ಪುಡಿಹಾಲು ಕೊಡಲೇಬೇಕಾದ ಸಂದರ್ಭ ಬಂದರೆ, ಕಲಸುವಾಗ ನೀರು 70 ಡಿಗ್ರಿಗಿಂತ ಬಿಸಿಯಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪುಡಿಯಲ್ಲೇ ಇರಬಹುದಾದ ಬ್ಯಾಕ್ಟೀರಿಯಾ ಸಾಯಲು ಅಷ್ಟು ಬಿಸಿ ಬೇಕು, ಕುಡಿಸುವ ಮೊದಲು ಆರಿಸಬೇಕು. ತಾಯಿಹಾಲಿಗೆ ಈ ಯಾವ ರಗಳೆಯೂ ಇಲ್ಲ.

ಉಸಿರಿನ ದಾರಿಯಲ್ಲಿ ಬರುವ ಇನ್ನೊಂದು ಕ್ರಿಮಿ ಲೀಜಿಯನೆಲ್ಲಾ. 1976ರ ಜುಲೈನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ನಡೆದ ನಿವೃತ್ತ ಯೋಧರ ಸಮಾವೇಶಕ್ಕೆ ಬಂದವರಿಗೂ ಹೋಟೆಲಿನ ಸುತ್ತ ಇದ್ದ ಕೆಲವರಿಗೂ ವಿಚಿತ್ರ ನ್ಯುಮೋನಿಯಾ ಬಂದು 34 ಮಂದಿ ಸತ್ತರು. ಕ್ರಿಮಿ ಯಾವುದೆಂದು ಗೊತ್ತಾಗಲು ಮುಂದಿನ ಜನವರಿ ಬರಬೇಕಾಯಿತು. 20ರಿಂದ 45 ಡಿಗ್ರಿ ಬಿಸಿಯ ನೀರು ಅದಕ್ಕೆ ಇಷ್ಟ. ಷವರ್‌ನ ತುಂತುರು, ಹವಾನಿಯಂತ್ರಣದ ಕೂಲಿಂಗ್ ಟವರ್‌ನ ಮಂಜು ಅದನ್ನು ಶ್ವಾಸಕೋಶಕ್ಕೆ ಮುಟ್ಟಿಸುತ್ತವೆ. ನಮ್ಮಲ್ಲಿ ನ್ಯುಮೋನಿಯಾ ಬಂದವರಿಗೆಲ್ಲ ಇದರ ಪರೀಕ್ಷೆ ಮಾಡುವ ರೂಢಿಯಿಲ್ಲ; ಹುಡುಕದ್ದು ಸಿಗುವುದೂ ಇಲ್ಲ. ಕರ್ನಾಟಕದ ಆಸ್ಪತ್ರೆಗಳ ಮಾಳಿಗೆಯ ಮೇಲೆ ಸೋಲಾರ್ ಹೀಟರ್‌ಗಳ ಸಾಲು ಕಾಣುತ್ತದೆ. ವಿದ್ಯುತ್ ಉಳಿಸುವ ಒಳ್ಳೆಯ ವ್ಯವಸ್ಥೆ. ಆದರೆ ಆಷಾಢದ ಮೋಡದ ದಿನಗಳಲ್ಲಿ ಆ ಟ್ಯಾಂಕಿನ ನೀರು 40 ಡಿಗ್ರಿಯ ಆಚೀಚೆ ನಿಂತರೆ ಲೀಜಿಯನೆಲ್ಲಾಕ್ಕೆ ಹಿತವಾದ ತಾವು. ಬಿಸಿನೀರನ್ನು ಸಂಗ್ರಹದಲ್ಲಿ 60 ಡಿಗ್ರಿಯಲ್ಲಿ ಇಡಬೇಕು, ಬೇಕಾದರೆ ವಿದ್ಯುತ್ ಕಾಯಿಲ್ ಸೇರಿಸಿಯಾದರೂ.

ರೋಗಿಗೆ ಬಳಸದ ನೀರೂ ಕೆಡುಕು ಮಾಡಿದ ಪ್ರಸಂಗವೊಂದಿದೆ. ತೆರೆದ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ರಕ್ತದ ಉಷ್ಣತೆಯನ್ನು ಹದದಲ್ಲಿಡುವ ಯಂತ್ರದ ತೊಟ್ಟಿಯಲ್ಲಿ ನೀರಿರುತ್ತದೆ. ಅದು ರಕ್ತಕ್ಕೆ ಬೆರೆಯುವುದೇ ಇಲ್ಲ. ಆದರೂ ಯಂತ್ರದ ಫ್ಯಾನ್ ಊದಿದ ಗಾಳಿಯಲ್ಲಿ ತೇಲಿ ಬಂದ ಸೂಕ್ಷ್ಮ ಹನಿಗಳು ತೆರೆದ ಎದೆಗೆ ಇಳಿದವು. ಸ್ವಿಟ್ಜರ್ಲೆಂಡ್‌ನ ವೈದ್ಯರು ಮೊದಲು ಪತ್ತೆಹಚ್ಚಿದ ಈ ಸೋಂಕು, ಕ್ಷಯದ ಕ್ರಿಮಿಯ ದೂರದ ಬಂಧುವೊಂದರಿಂದ ಬಂದದ್ದು. ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಳ, ಕೆಲವರಲ್ಲಿ ವರ್ಷಗಳ ನಂತರ ತಲೆಯೆತ್ತುತ್ತಿತ್ತು. ಅಷ್ಟು ದಿನದ ಮೇಲೆ ಬಂದ ಜ್ವರಕ್ಕೆ ಒಂದು ಯಂತ್ರದ ತೊಟ್ಟಿಯ ನೀರು ಕಾರಣವೆಂದು ಹುಡುಕಿ ತೆಗೆದವರ ತಾಳ್ಮೆಯನ್ನು ಎಷ್ಟು ಹೊಗಳಿದರೂ ಕಡಿಮೆ.

ಯಾರ ಕೆಲಸ ಇದು?

ರಕ್ತದ ಕ್ಯಾನ್ಸರ್ ವಾರ್ಡಿನಲ್ಲಿ ನಲ್ಲಿ, ಷವರ್‌ಗಳ ಮೂತಿಗೆ 0.2 ಮೈಕ್ರಾನ್ ಶೋಧಕ ಹಾಕುವ ಪದ್ಧತಿ ಇದೆ. ಬ್ಯಾಕ್ಟೀರಿಯಾ ದಾಟಲಾರದ ಈ ಶೋಧಕ ದುಬಾರಿ, ಅವಧಿ ಮುಗಿದ ಕೂಡಲೇ ಬದಲಿಸಬೇಕು. ಹಾಗಾಗಿ ಎಲ್ಲ ಕಡೆ ಬೇಡ, ಅತ್ಯಂತ ದುರ್ಬಲರು ಇರುವಲ್ಲಿ ಸಾಕು. ಉಳಿದದ್ದೆಲ್ಲ ಕೈಗೆಟುಕುವ ಕೆಲಸ. ಬಳಸದ ನಲ್ಲಿಯನ್ನು ದಿನಕ್ಕೊಮ್ಮೆ ತಿರುಗಿಸಿ ಒಂದು ನಿಮಿಷ ನೀರು ಹರಿಸಬೇಕು. ಮುಚ್ಚಿದ್ದ ವಾರ್ಡನ್ನು ಮತ್ತೆ ತೆರೆಯುವ ಮೊದಲು ಅಲ್ಲಿನ ಪೈಪುಗಳನ್ನೆಲ್ಲ ಹರಿಸಿ ತೊಳೆಯಬೇಕು. ನಲ್ಲಿ ಮೂತಿಯ ಜಾಲರಿ ಬಿಚ್ಚಿ ತೆಗೆಯಬೇಕು. ಸಂಪು, ಓವರ್‌ಹೆಡ್ ಟ್ಯಾಂಕು ತೊಳೆದ ದಿನಾಂಕವನ್ನು ಟ್ಯಾಂಕಿನ ಮೇಲೇ ಬರೆಯಬೇಕು. ಸಿಂಕಿನ ಕಟ್ಟೆಯ ಮೇಲೆ ಸಿರಿಂಜು, ಹತ್ತಿ, ಹಾಲಿನ ಬಾಟಲಿ ಇಡಕೂಡದು. ಸಿಂಕು ಒರೆಸುವವರು ಮೊದಲು ನಲ್ಲಿಯನ್ನು ಒರೆಸಿ, ಆಮೇಲೆ ಬಟ್ಟಲು, ತೂತು ಕೊನೆಗೆ. ತೂತು ಒರೆಸಿದ ಬಟ್ಟೆಯನ್ನು ನಲ್ಲಿಗೆ ತಂದರೆ ಚರಂಡಿಯನ್ನೇ ನಲ್ಲಿಗೆ ಹಚ್ಚಿದಂತೆ.

ಈ ಕೊನೆಯ ಮಾತನ್ನು ಒಬ್ಬ ಗ್ರೂಪ್ ಡಿ ನೌಕರಳಿಗೆ ಯಾರಾದರೂ ಕುಳ್ಳಿರಿಸಿ ಹೇಳಿಕೊಟ್ಟಿದ್ದಾರೆಯೇ? ಬಹುತೇಕ ಆಸ್ಪತ್ರೆಗಳಲ್ಲಿ ಸ್ವಚ್ಛತೆ ಹೊರಗುತ್ತಿಗೆಗೆ ಹೋಗಿದೆ. ಇಂದು ಐಸಿಯು ಒರೆಸಿದವರು ಮುಂದಿನ ತಿಂಗಳು ಇರುತ್ತಾರೆಂಬ ಖಾತ್ರಿಯಿಲ್ಲ, ಸಂಬಳ ಸಮಯಕ್ಕೆ ಬರುತ್ತದೆಂಬ ಖಾತ್ರಿಯೂ ಇಲ್ಲ. ಎಳೆಗೂಸಿನ ಜೀವ ಅವರು ಒರೆಸುವ ಬಟ್ಟೆಯ ಕ್ರಮದ ಮೇಲೆ ನಿಂತಿರುವಾಗ ಅವರನ್ನು ಇಷ್ಟು ಅಗ್ಗವಾಗಿ ಕಂಡದ್ದು ನನಗೆ ಸಹಿಸಲಾಗದ ಸಂಗತಿ. ಕೇಂದ್ರ ಸರ್ಕಾರ 2015ರಲ್ಲಿ ತಂದ ಕಾಯಕಲ್ಪ ಯೋಜನೆ ಸರ್ಕಾರಿ ಆಸ್ಪತ್ರೆಗಳ ಸ್ವಚ್ಛತೆಗೆ ಅಂಕ, ಬಹುಮಾನ ಕೊಡುತ್ತದೆ. ಅದರಿಂದ ಎಷ್ಟೋ ಆಸ್ಪತ್ರೆಗಳ ಮುಖ ಬದಲಾಗಿದೆ. ಆ ಬಹುಮಾನದ ಹಣದಲ್ಲಿ ಒಂದು ಪಾಲು ಇವರ ತರಬೇತಿಗೆ ಮೀಸಲಾಗಲಿ.

ಬ್ರಿಟನ್ನಿನ ಮಾರ್ಗಸೂಚಿಯ ಪ್ರಕಾರ ಪ್ರತಿ ಆಸ್ಪತ್ರೆಗೂ ನೀರಿನ ಸುರಕ್ಷತೆಯ ಒಂದು ತಂಡ ಇರಬೇಕು. ಅದರಲ್ಲಿ ಸೂಕ್ಷ್ಮಾಣು ತಜ್ಞರು, ಸೋಂಕು ನಿಯಂತ್ರಣದ ನರ್ಸ್, ಕಟ್ಟಡ ನಿರ್ವಹಣೆಯ ಎಂಜಿನಿಯರ್ ಒಟ್ಟಿಗೆ ಕೂರುತ್ತಾರೆ. ನಮ್ಮ ಜಿಲ್ಲಾಸ್ಪತ್ರೆಗಳಲ್ಲೂ ಸೋಂಕು ನಿಯಂತ್ರಣ ಸಮಿತಿಗಳಿವೆ. ವೈದ್ಯರು, ಸಿಸ್ಟರ್‌ಗಳು, ಆಡಳಿತಾಧಿಕಾರಿ ಸಭೆ ಸೇರುತ್ತಾರೆ. ಮುಂದಿನ ಸಭೆಗೆ ಪ್ಲಂಬರ್‌ನನ್ನೂ ಡಯಾಲಿಸಿಸ್ ತಂತ್ರಜ್ಞನನ್ನೂ ಕರೆಯಿರಿ. ಕಟ್ಟಡದ ಯಾವ ಗೋಡೆಯೊಳಗೆ ಮುಚ್ಚಿಹೋದ ಪೈಪಿದೆ, ಯಾವ ಟ್ಯಾಂಕಿಗೆ ಮುಚ್ಚಳವಿಲ್ಲ, ಯಾವ ವಾರ್ಡಿನ ನಲ್ಲಿ ತಿಂಗಳಿಂದ ಯಾರೂ ತಿರುಗಿಸಿಲ್ಲ ಎಂದು ಅವರಿಂದ ಒಂದು ಪಟ್ಟಿ ಬರೆಸಿಕೊಳ್ಳಿ. ಆ ಪಟ್ಟಿಯ ಮೊದಲ ಮೂರು ಕೆಲಸಕ್ಕೆ ಅದೇ ಸಭೆಯಲ್ಲಿ ಹಣ ಮಂಜೂರಾಗಲಿ, ಮುಗಿಯಬೇಕಾದ ದಿನಾಂಕವೂ ನಡಾವಳಿಯಲ್ಲಿ ದಾಖಲಾಗಲಿ.